ಕಾಂಪೋಸಿಟ್, ಮ್ಯಾಟ್ರಿಕ್ಸ್, ಸ್ಟಿಫ್‌ನೆಸ್: ಫಲಕಕ್ಕೆ ಕನ್ನಡ ಬೇಕು, ಅರ್ಜೆಂಟ್

ದಾವಣಗೆರೆಯಿಂದ:

ನಮಸ್ಕಾರ. ಇಲ್ಲೊಂದು ಪ್ರದರ್ಶನದ ಮಳಿಗೆಗೆ ಫಲಕ ಬರೆದುಕೊಡಬೇಕು. ಸಂಜೆಯೊಳಗೆ ಮ್ಯಾಟರ್ ಕೊಡಿ ಅಂತ ಫ್ಲೆಕ್ಸ್ ಅಂಗಡಿಯವರು ಜೀವ ತಿನ್ನುತ್ತಿದ್ದಾರೆ. ಜೂಟ್, ಕತ್ತಾಳೆ, ಅಡಿಕೆ ಸಿಪ್ಪೆಯ ನಾರನ್ನು ಪಾಲಿಯೆಸ್ಟರ್ ರಾಳದಲ್ಲಿ ಕೂರಿಸಿ ಮಾಡಿದ ಹಲಗೆಗಳು ಒಂದು ಕಡೆ. ಗಾಜಿನ ನಾರು, ಕಾರ್ಬನ್ ನಾರಿನವು ಇನ್ನೊಂದು ಕಡೆ. ಇಂಥ ನಾರು-ರಾಳದ ಹಲಗೆಗೇ ಕಾಂಪೋಸಿಟ್ ಅನ್ನುವುದು. ನನ್ನ ಕರಡಿನಲ್ಲಿ ಜೂಟ್ ಕಾಂಪೋಸಿಟ್‌ಗೆ ‘ಸೆಣಬಿನಿಂದ ಪ್ರಬಲಿತ ಪ್ಲಾಸ್ಟಿಕ್ ಸಂಯುಕ್ತ’, ಮ್ಯಾಟ್ರಿಕ್ಸ್‌ಗೆ, ಅಂದರೆ ನಾರನ್ನು ಹಿಡಿದಿಡುವ ರಾಳಕ್ಕೆ, ‘ಮಾತೃಕೆ’, ಸ್ಟಿಫ್‌ನೆಸ್‌ಗೆ ‘ಗಟ್ಟಿತನ’ ಅಂತಿದೆ. ಬರುವವರು ರೈತರು, ಐಟಿಐ ಹುಡುಗರು. ನಡೆಯುತ್ತದಾ?

ಚಿತ್ರದುರ್ಗದಿಂದ:

ನಡೆಯಲ್ಲ. ಸಂಯುಕ್ತ ಅಂದರೆ ನೀರು, ಅಡುಗೆ ಉಪ್ಪು. ಅಲ್ಲಿ ಮೂಲವಸ್ತುವಿನ ಗುಣ ಉಳಿಯುವುದಿಲ್ಲ. ಇಲ್ಲಿ ನಾರು ನಾರಾಗಿಯೇ ಇರುತ್ತದೆ, ರಾಳ ರಾಳವಾಗಿಯೇ ಇರುತ್ತದೆ. ಹಲಗೆ ಮುರಿದು ನೋಡಿ, ಎಳೆಗಳು ಹೊರಗೆ ಚಾಚಿಕೊಂಡಿರುತ್ತವೆ. ಮಾತೃಕೆಯನ್ನು ಗಣಿತದವರಿಗೆ ಬಿಡಿ.

ಗಟ್ಟಿತನ ಅಂತೂ ಬೇಡವೇ ಬೇಡ. ಮುರಿಯದ್ದು, ಬಗ್ಗದ್ದು, ಗೀರು ಬೀಳದ್ದು, ಮೂರನ್ನೂ ನಾವು ಗಟ್ಟಿ ಅಂತಲೇ ಅನ್ನುತ್ತೇವೆ. ನಿಮಗೆ ಬೇಕಿರುವುದು ಬಗ್ಗದ ಗುಣ. ಆರಿದ ಜೋಳದ ರೊಟ್ಟಿಗೆ ಏನಂತೀರಿ? ಪೆಡಸು. ಅದನ್ನೇ ಹಾಕಿ. ಗಾಜಿನ ನಾರಿನ ಪೆಡಸು ಸುಮಾರು 70 ಗಿಗಾಪ್ಯಾಸ್ಕಲ್ (ಪೆಡಸು ಅಳೆಯುವ ಮಾನ), ಜೂಟಿನದು 10ರಿಂದ 30. ಆದರೆ ಘನ ಸೆಂಟಿಮೀಟರಿಗೆ ಗಾಜು 2.5 ಗ್ರಾಂ ತೂಗಿದರೆ ಜೂಟ್ ತೂಗುವುದು 1.3ರಿಂದ 1.5 ಮಾತ್ರ. ತೂಕ ಲೆಕ್ಕ ಹಿಡಿದರೆ ಒಳ್ಳೆಯ ಜೂಟ್ ಪೆಡಸಿನಲ್ಲಿ ಗಾಜಿನ ಹತ್ತಿರ ಬರುತ್ತದೆ. ಎಳೆತ ತಡೆಯುವ ಬಲದಲ್ಲಿ ಬರುವುದಿಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ಫಲಕವೇ ಸುಳ್ಳು ಹೇಳುತ್ತದೆ.

ಬೆಂಗಳೂರಿನಿಂದ:

‘ಪ್ರಬಲಿತ’ ಯಾರ ಬಾಯಲ್ಲಿದೆ ಸ್ವಾಮಿ? ಕಾಂಪೋಸಿಟ್‌ಗೆ ‘ನಾರ್ಬೆರಕೆ’ ಅನ್ನಿ. ಮ್ಯಾಟ್ರಿಕ್ಸ್ ಅಂದರೆ ಲ್ಯಾಟಿನ್ನಿನಲ್ಲಿ ಬಸಿರು, ಹಾಗಾಗಿ ‘ಒಡಲು’. ಸಂಸ್ಕೃತದ ಅಂಗಡಿಗೆ ಓಡುವ ಚಾಳಿ ಬಿಡಿ.

ಹೊಳಲ್ಕೆರೆಯಿಂದ:

ಬೆರಕೆ ಅಂದರೆ ನಮ್ಮ ಕಡೆ ಹಾಲಿಗೆ ನೀರು ಹಾಕುವುದು. ಆ ಫಲಕ ಓದಿ ಹಲಗೆ ಮುಟ್ಟುವವರು ಯಾರು? ‘ಒಡಲು’ ಒಪ್ಪಿದೆ.

ಇನ್ನೊಂದು. ‘ಸೆಣಬು’ ತೆಗೆಯಿರಿ. ಇಲ್ಲಿನ ರೈತರಿಗೆ ಸೆಣಬು ಅಂದರೆ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಹಳದಿ ಹೂವಿನ ಗಿಡ, ಜೂಟ್ ಅಲ್ಲ. ‘ಗೋಣಿ ನಾರು’ ಅನ್ನಿ, ತಕ್ಷಣ ಗೊತ್ತಾಗುತ್ತದೆ. ಇಂಗ್ಲಿಷಿನ ‘ಗನ್ನಿ’ ಬಂದಿರುವುದೇ ಗೋಣಿಯಿಂದ.

ಬೆಂಗಳೂರಿನಿಂದ:

ನೋಡಿದಿರಾ, ಗೋಣಿ ನಮ್ಮದೇ!

ಚಿತ್ರದುರ್ಗದಿಂದ:

ಸಂಸ್ಕೃತದಲ್ಲೂ ಗೋಣೀ ಇದೆ. ಈಗ ಅದನ್ನೂ ಹೊರಗೆ ಹಾಕುತ್ತೀರಾ? ಕತ್ತಾಳೆ ಗಿಡವೇ ಅಮೆರಿಕದ್ದು. ಅದರ ಜಾತಿಯ ಸೀಸಲ್‌ಗೆ ಮೆಕ್ಸಿಕೋದ ಒಂದು ಬಂದರಿನ ಹೆಸರು. ಇಂಗ್ಲಿಷರು ತೆಂಗಿನ ನಾರಿಗೆ ಮಲಯಾಳದ ಕಯರು ಎತ್ತಿಕೊಂಡು ‘ಕಾಯರ್’ ಮಾಡಿದರು, ಯಾರನ್ನೂ ಕೇಳಲಿಲ್ಲ. ನಾವು ಪ್ಲಾಸ್ಟಿಕ್ ಅಂದರೆ ಮಾತ್ರ ಜಾತಿ ಕೆಡುತ್ತದೆ, ಅಲ್ವಾ?

ಹೊಳಲ್ಕೆರೆಯಿಂದ:

ಸುಮ್ನೆ ಜಗಳ ಬೇಡ. ಅವರಿಗೆ ಸಂಜೆಗೆ ಬೇಕು. ಫಲಕದಲ್ಲಿ ‘ನೈಸರ್ಗಿಕ’ ಅಂತ ದೊಡ್ಡಕ್ಷರ ಹಾಕಬೇಡಿ. ಪಾಲಿಯೆಸ್ಟರ್ ರಾಳ ಮಣ್ಣಿನಲ್ಲಿ ಕರಗುವುದಿಲ್ಲ. ‘ಗಿಡದ ನಾರು’ ಅಂದರೆ ಸಾಕು. ಅದು ನೀರು ಕುಡಿಯುತ್ತದೆ, ಉಬ್ಬುತ್ತದೆ, ಒಡಲಿನಿಂದ ಬಿಟ್ಟುಕೊಳ್ಳುತ್ತದೆ ಅನ್ನುವುದನ್ನೂ ಬರೆಯಿರಿ. ಅದಕ್ಕೇ ಮೊದಲು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ, ಮೇಣ ಮತ್ತು ಜಿಡ್ಡು ತೆಗೆದು ಒಣಗಿಸುವುದು. ನಿಮ್ಮ ಕರಡಿನಲ್ಲಿ ಇದಕ್ಕೆ ‘ಕ್ಷಾರೋಪಚಾರ’ ಅಂತ ಬರೆದುಬಿಟ್ಟೀರಿ, ಜೋಕೆ!

ದಾವಣಗೆರೆಯಿಂದ:

ಬರೆದಿದ್ದೆ, ಹೊಡೆದುಹಾಕಿದೆ. ಅಂಗಡಿಗೆ ಕಳಿಸಿದ್ದು ಇಷ್ಟು: ‘ನಾರು ಕೂರಿಸಿದ ಪ್ಲಾಸ್ಟಿಕ್ ಹಲಗೆ. ಗೋಣಿ ನಾರಿನದು ಹಗುರ, ತೂಕಕ್ಕೆ ತಕ್ಕ ಪೆಡಸು. ಗಾಜಿನ ನಾರಿನದು ಬಲ ಜಾಸ್ತಿ, ನೀರಿಗೆ ಅಷ್ಟಾಗಿ ಹೆದರುವುದಿಲ್ಲ.’ ಕೆಳಗೆ ಸಣ್ಣಕ್ಷರದಲ್ಲಿ ಕಾಂಪೋಸಿಟ್ ಅಂತಲೂ ಇದೆ, ಐಟಿಐ ಹುಡುಗರಿಗೆ.

ಬೆಂಗಳೂರಿನಿಂದ:

ಹಲಗೆ ಅಂದರೆ ಮರದ್ದು. ‘ಹಾಳೆ’ ಅನ್ನಬೇಕಿತ್ತು.

ಚಿತ್ರದುರ್ಗದಿಂದ:

ಅಡಿಕೆ ಸೀಮೆಯಲ್ಲಿ ಹಾಳೆ ಅಂದರೆ ಊಟದ ತಟ್ಟೆ ಮಾಡುವುದು. ಇದಕ್ಕೆ ಬೇರೆ ಚರ್ಚೆ ಶುರುಮಾಡಿ.