ಸಹಾಯ ಬೇಕು: ಏರ್ ಕಾರ್ಗೋ ಸೆಕ್ಯುರಿಟಿ ಶುಲ್ಕ ಇಷ್ಟೊಂದು ಇರಬಹುದಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿಂದ ವಿಮಾನದಲ್ಲಿ ಗುಲಾಬಿ ಕಳಿಸುವ ಸಣ್ಣ ವ್ಯಾಪಾರ ನಮ್ಮದು. ಕಾರ್ಗೋ ಬಿಲ್‌ನಲ್ಲಿ ಎಕ್ಸ್‌ರೇ ಮತ್ತು ಸೆಕ್ಯುರಿಟಿ ಶುಲ್ಕದ ಬಗ್ಗೆ ತಿಳಿದವರು ದಯವಿಟ್ಟು ಸ್ವಲ್ಪ ಹೇಳಿ.

ತಪಾಸಣೆ ಬೇಡ ಅಂತಲ್ಲ. ವಿಮಾನಯಾನ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಸಿಎಎಸ್ ನಿಯಮ ಅದು, ಆಗಲೇಬೇಕು. ಆದರೆ ನಿಯಮ ಸರ್ಕಾರದ್ದು, ದುಡ್ಡು ಮಾತ್ರ ನಮ್ಮದು, ಅಲ್ವಾ?

ನನಗೆ ಜಾಸ್ತಿ ಕಾಡುತ್ತಿರುವುದು ತೂಕದ ಲೆಕ್ಕ. 100 ಸೆಂ.ಮೀ. ಉದ್ದ, 50 ಅಗಲ, 40 ಎತ್ತರದ ಪೆಟ್ಟಿಗೆ ಅಂದುಕೊಳ್ಳಿ. ಏರ್ ಕಾರ್ಗೋದಲ್ಲಿ ಅಳತೆಯಿಂದ ತೂಕ ಲೆಕ್ಕ ಹಾಕುವ ರೀತಿಯಲ್ಲಿ, ಮೂರನ್ನೂ ಗುಣಿಸಿ 6000ರಿಂದ ಭಾಗಿಸಿದರೆ ಸುಮಾರು 33 ಕೆಜಿ. ಒಳಗೆ ಹೂವು ಇರುವುದು 18 ಕೆಜಿ. ವಿಮಾನದಲ್ಲಿ ಜಾಗ ಹಿಡಿಯುತ್ತದೆ, ಸಾಗಣೆಗೆ ಹಾಗೆ ಲೆಕ್ಕ ಹಾಕಲಿ, ಒಪ್ಪುತ್ತೇನೆ. ಎಕ್ಸ್‌ರೇಗೂ ಅದೇ ಲೆಕ್ಕ ಯಾಕೆ? ಮೇಲಿಂದ ಕನಿಷ್ಠ ಶುಲ್ಕ ಬೇರೆ. ಒಂದೆರಡು ಪೆಟ್ಟಿಗೆ ಕಳಿಸುವವರಿಗೆ ಅದೇ ಹೊರೆ. ಟನ್‌ಗಟ್ಟಲೆ ಕಳಿಸುವವರಿಗೆ ಗೊತ್ತೇ ಆಗುವುದಿಲ್ಲ.

ದೊಡ್ಡ ವಿಮಾನ ನಿಲ್ದಾಣಗಳ ಕಾರ್ಗೋ ದರವನ್ನು 2008ರ ಕಾಯ್ದೆ ಪ್ರಕಾರ ಏರಾ (ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ) ನೋಡಿಕೊಳ್ಳುತ್ತದೆ. ದರ ನಿಗದಿಗೆ ಮುಂಚೆ ಅಭಿಪ್ರಾಯವನ್ನೂ ಕೇಳುತ್ತದೆ. ಇಲ್ಲಿ ಯಾರಾದರೂ ಅದಕ್ಕೆ ಬರೆದಿದ್ದೀರಾ? ಒಬ್ಬರೇ ಬರೆದರೆ ಓದುತ್ತಾರಾ, ಸಂಘದ ಮೂಲಕವೇ ಹೋಗಬೇಕಾ? ಏರ್‌ಲೈನ್ ಹಾಕುವ ಸೆಕ್ಯುರಿಟಿ ಸರ್‌ಚಾರ್ಜ್ ಬಗ್ಗೆ ಯಾರನ್ನು ಕೇಳಬೇಕು? ನಮ್ಮ ಏಜೆಂಟ್ ಸುಮ್ನೆ "ಸರ್ಕಾರದ್ದು ಸಾರ್" ಅಂತಾರೆ.

ನಿಮ್ಮ ಬಿಲ್‌ನಲ್ಲಿ ಎಕ್ಸ್‌ರೇ ಶುಲ್ಕ ಯಾವ ತೂಕಕ್ಕೆ ಹಾಕಿದ್ದಾರೆ ಅಂತ ನೋಡಿ ಕಾಮೆಂಟ್ ಮಾಡಿ. ತರಕಾರಿ, ಮಾವು ಕಳಿಸುವವರೂ ಹೇಳಿ. ನಾಲ್ಕೈದು ಬಿಲ್ ಸೇರಿದರೆ ಪತ್ರ ನಾನೇ ಬರೆಯುತ್ತೇನೆ.