ವ್ಯಾಪಾರದ ಸಾಲಕ್ಕೆ ಸಂಬಳ ಜಪ್ತಿ: ದಿವಾಳಿ ಅರ್ಜಿಯಿಂದ ಪ್ರಯೋಜನವಿದೆಯೇ?

ಪ್ರಶ್ನೆ (ಮಂಗಳೂರಿನಿಂದ):
ಬಂದರಿನಲ್ಲಿ ಬೋಟುಗಳಿಗೆ ಬಲೆ, ಹಗ್ಗ, ಬಿಡಿಭಾಗಗಳನ್ನು ಉದ್ರಿ ಕೊಡುತ್ತಿದ್ದ ನನ್ನ ಸ್ವಂತ ಅಂಗಡಿ, ಬಾಕಿ ವಸೂಲಾಗದೆ ಮುಚ್ಚಿತು. ಈಗ ಬೈಕಂಪಾಡಿಯಲ್ಲಿ 31,000 ರೂಪಾಯಿ ಸಂಬಳದ ಕೆಲಸದಲ್ಲಿದ್ದೇನೆ. ಸರಕು ಪೂರೈಸಿದ್ದ ವ್ಯಾಪಾರಿಯೊಬ್ಬರು ಡಿಕ್ರಿ (ಹಣ ಕೊಡಬೇಕೆಂಬ ಸಿವಿಲ್ ನ್ಯಾಯಾಲಯದ ತೀರ್ಪು) ಪಡೆದು, ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿದ್ದು, ಸಂಬಳ ಜಪ್ತಿಯ ಆದೇಶ ನಮ್ಮ ಕಚೇರಿಗೆ ಬಂದಿದೆ. ಬ್ಯಾಂಕಿನ ಸಾಲಕ್ಕೆ ಮನೆ ಅಡಮಾನವಾಗಿದೆ. ಒಂದು ಚೆಕ್ ಬೌನ್ಸ್ ಪ್ರಕರಣವೂ ನಡೆಯುತ್ತಿದೆ. ಪೂರ್ತಿ ಸಂಬಳ ಹೋಗುವುದೇ? ದಿವಾಳಿ ಎಂದು ಘೋಷಣೆಯಾದರೆ ಎಲ್ಲದರಿಂದ ಬಿಡುಗಡೆ ಸಿಗುವುದೇ?

ಉತ್ತರ (ಉಡುಪಿಯ ವಕೀಲರು):
ಮಾನ್ಯರೇ, ಪೂರ್ತಿ ಸಂಬಳ ಹೋಗುವುದಿಲ್ಲ, ಧೈರ್ಯವಾಗಿರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ, ಜೀವನಾಂಶದ ಡಿಕ್ರಿಯಲ್ಲದಿದ್ದರೆ, ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ನಿಮ್ಮ ಲೆಕ್ಕದಲ್ಲಿ 21,000 ರೂಪಾಯಿ ಉಳಿಯುತ್ತದೆ, ಹೆಚ್ಚೆಂದರೆ 10,000 ಕಡಿತವಾಗಬಹುದು. ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ; ಆಮೇಲೆ ಆ ಡಿಕ್ರಿಗಾಗಿ ಸಂಬಳ ಜಪ್ತಿ ಸಾಧ್ಯವಿಲ್ಲ. ಭವಿಷ್ಯ ನಿಧಿಯ ಹಣಕ್ಕೂ ರಕ್ಷಣೆಯಿದೆ. ಕಚೇರಿಯವರು ಇದಕ್ಕಿಂತ ಹೆಚ್ಚು ಹಿಡಿದರೆ ಅದೇ ನ್ಯಾಯಾಲಯದಲ್ಲಿ ತಕರಾರು ಅರ್ಜಿ ಸಲ್ಲಿಸಿ.

ದಿವಾಳಿಯ ವಿಷಯದಲ್ಲಿ ಜನರಿಗೆ ತಪ್ಪು ನಿರೀಕ್ಷೆ ಇರುವುದನ್ನು ಕಂಡು ನನಗೆ ಬೇಸರವಾಗುತ್ತದೆ. 2016ರ ದಿವಾಳಿ ಸಂಹಿತೆಯ ವೈಯಕ್ತಿಕ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿರುವುದು ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ನಿಮ್ಮಂಥ ಏಕಮಾಲೀಕರಿಗೆ ಇಲ್ಲಿ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅರ್ಜಿ ಜಿಲ್ಲಾ ನ್ಯಾಯಾಲಯಕ್ಕೆ. ಡಿಕ್ರಿಯ ಜಪ್ತಿ ಆದೇಶ ಜಾರಿಯಲ್ಲಿರುವುದೇ ಅರ್ಜಿ ಹಾಕಲು ಸಾಕಾಗುವ ಕಾರಣಗಳಲ್ಲೊಂದು. ಆದರೆ ಘೋಷಣೆಯಾದ ಕೂಡಲೇ ಸಾಲ ಮನ್ನಾ ಆಗುವುದಿಲ್ಲ: ಜಪ್ತಿಗೆ ಒಳಪಡುವ ಆಸ್ತಿ ನ್ಯಾಯಾಲಯದ ಅಥವಾ ರಿಸೀವರರ (ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವವರು) ವಶವಾಗುತ್ತದೆ, ವಿಮೋಚನೆಗೆ, ಅಂದರೆ ಸಾಲದಿಂದ ಬಿಡುಗಡೆಗೆ, ಪ್ರತ್ಯೇಕ ಅರ್ಜಿ ಬೇಕು, ಅದು ದೊರೆತರೂ ಸರ್ಕಾರಿ ಬಾಕಿ ಮತ್ತು ವಂಚನೆಯಿಂದಾದ ಸಾಲ ತೀರುವುದಿಲ್ಲ. ಅಡಮಾನದ ಮೇಲೆ ಬ್ಯಾಂಕಿನ ಹಕ್ಕು ಹಾಗೆಯೇ ಉಳಿಯುತ್ತದೆ. ಚೆಕ್ ಬೌನ್ಸ್ ಕ್ರಿಮಿನಲ್ ಪ್ರಕರಣವಾದ್ದರಿಂದ ಇದರಿಂದ ನಿಲ್ಲುವುದಿಲ್ಲ.

ಉತ್ತರ (ಕುಂದಾಪುರದ ಲೆಕ್ಕಪತ್ರ ಸಲಹೆಗಾರರು):
ವಕೀಲರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಹೆದರಿ ಅಂಗಡಿಯ ಸಾಮಾನನ್ನಾಗಲಿ ಜಾಗವನ್ನಾಗಲಿ ಹೆಂಡತಿಯ ಅಥವಾ ಭಾವನ ಹೆಸರಿಗೆ ದಾನಪತ್ರ ಮಾಡಿಸಬೇಡಿ. ಎರಡು ವರ್ಷದೊಳಗೆ ಸಲ್ಲಿಕೆಯಾದ ಅರ್ಜಿಯ ಮೇಲೆ ದಿವಾಳಿ ಘೋಷಣೆಯಾದರೆ ಅಂಥ ವರ್ಗಾವಣೆ ರದ್ದಾಗಬಹುದು, ನಿಮ್ಮ ಪ್ರಾಮಾಣಿಕತೆಯ ಮೇಲೂ ಅನುಮಾನ ಬರುತ್ತದೆ. ಬದಲಾಗಿ ಉದ್ರಿ ಪುಸ್ತಕ ತೆರೆಯಿರಿ. ಬೋಟಿನ ಹೆಸರು, ತಾರೀಖು, ತಂಡೇಲರ (ಬೋಟು ನಡೆಸುವವರ) ಸಹಿ ಇರುವ ಪುಟಗಳನ್ನು ಬೇರೆ ಮಾಡಿ. ಮಾರಿದ ಸರಕಿನ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಅವಧಿ. ಅದು ಮುಗಿಯುವ ಮೊದಲೇ ಬೋಟಿನ ಮಾಲೀಕರು ಬಾಕಿಯನ್ನು ಲಿಖಿತವಾಗಿ ಒಪ್ಪಿ ಸಹಿ ಹಾಕಿದರೆ ಹೊಸ ಅವಧಿ ಆರಂಭವಾಗುತ್ತದೆ. ಈ ಬಾಕಿ ನಿಮ್ಮ ಆಸ್ತಿಯೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಪುಸ್ತಕದಲ್ಲಿ ಸಹಿ ಇರುವ ಪುಟಗಳು ಬಹಳಷ್ಟಿವೆ. ಬ್ಯಾಂಕ್ ಮತ್ತು ಚೆಕ್ ಪ್ರಕರಣಗಳನ್ನು ರಾಜಿಯಲ್ಲಿ ಮುಗಿಸಲು ದಾರಿಯಿದೆಯೇ?

ಉತ್ತರ (ಉಡುಪಿಯ ವಕೀಲರು):
ಇದೆ. ಬ್ಯಾಂಕಿಗೆ ಒಂದೇ ಕಂತಿನ ತೀರುವಳಿಯ ಪ್ರಸ್ತಾವವನ್ನು ಲಿಖಿತವಾಗಿ ಕೊಡಿ. ಚೆಕ್ ಪ್ರಕರಣವನ್ನು ಲೋಕ ಅದಾಲತ್‌ಗೆ ಕಳುಹಿಸುವಂತೆ ಕೇಳಿಕೊಳ್ಳಿ. ಅಲ್ಲಿ ಆದ ರಾಜಿ ಡಿಕ್ರಿಯಷ್ಟೇ ಬಲವುಳ್ಳದ್ದಾಗಿದ್ದು ಅದರ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ 21,000 ರೂಪಾಯಿಯಲ್ಲಿ ಮನೆಖರ್ಚು ಕಳೆದು ಉಳಿಯುವಷ್ಟೇ ಕಂತಿಗೆ ಒಪ್ಪಿಕೊಳ್ಳಿ.