‘ಮಾನವ ಕಳ್ಳಸಾಗಣೆ’: ಇಲ್ಲಿ ‘ಕಳ್ಳ’ ಯಾಕೆ, ‘ಸಾಗಣೆ’ ಯಾಕೆ?

ಪ್ರಶ್ನೆ: ‘ಹ್ಯೂಮನ್ ಟ್ರಾಫಿಕಿಂಗ್’ಗೆ ಪತ್ರಿಕೆಗಳಲ್ಲಿ ‘ಮಾನವ ಕಳ್ಳಸಾಗಣೆ’ ಎಂದಿರುತ್ತದೆ, ಕೆಲವರು ‘ದುರ್ವ್ಯಾಪಾರ’ ಎನ್ನುತ್ತಾರೆ. ಪಂಚಾಯಿತಿಗಳಲ್ಲಿ ಹಂಚುವ ಕರಪತ್ರಕ್ಕೆ ಯಾವುದು ಸರಿ? ಕಾನೂನಿನಲ್ಲಿ ಬರುವ ‘ಹಾರ್ಬರ್’, ‘ರಿಸೀವ್’ಗಳಿಗೆ ಏನು ಬರೆಯಬೇಕು?

ಉತ್ತರ: ಕಳ್ಳಸಾಗಣೆ ಚಿನ್ನಕ್ಕೆ, ಗಂಧದ ಮರಕ್ಕೆ ಸರಿ. ಮನುಷ್ಯರ ವಿಷಯದಲ್ಲೂ ಒಂದು ಕಡೆ ಸರಿಯೇ: ದುಡ್ಡು ತೆಗೆದುಕೊಂಡು ಜನರನ್ನು ಕದ್ದುಮುಚ್ಚಿ ದೇಶದ ಗಡಿ ದಾಟಿಸುವುದಕ್ಕೆ. ಅದು ಹ್ಯೂಮನ್ ಟ್ರಾಫಿಕಿಂಗ್‌ಗಿಂತ ಬೇರೆ ಅಪರಾಧ. ವಿಶ್ವಸಂಸ್ಥೆ 2000ರಲ್ಲಿ ಎರಡಕ್ಕೂ ಪ್ರತ್ಯೇಕ ಪ್ರೋಟೊಕಾಲ್ (ಅಂತರರಾಷ್ಟ್ರೀಯ ಒಪ್ಪಂದ) ಮಾಡಿತು. ಕನ್ನಡದಲ್ಲಿ ನಾವು ಎರಡನ್ನೂ ಒಂದೇ ಪದಕ್ಕೆ ಕಟ್ಟಿಹಾಕಿದ್ದೇವೆ.

ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ (ಹಿಂದಿನ ದಂಡ ಸಂಹಿತೆಯಲ್ಲಿ 370) ಐದು ಕ್ರಿಯೆಗಳನ್ನು ಹೇಳುತ್ತದೆ (ಪಟ್ಟಿ ಕೆಳಗಿದೆ). ಸಾಗಿಸುವುದು ಅವುಗಳಲ್ಲಿ ಒಂದು ಮಾತ್ರ. ಐದರಲ್ಲಿ ಯಾವುದಾದರೂ ಒಂದನ್ನು ಬೆದರಿಕೆ, ಬಲವಂತ, ಅಪಹರಣ, ವಂಚನೆ, ಅಧಿಕಾರ ದುರುಪಯೋಗ ಅಥವಾ ಆಮಿಷದಿಂದ, ಶೋಷಣೆಗೆಂದು ಮಾಡಿದರೆ ಅಪರಾಧ. ಗಡಿ ದಾಟಬೇಕಿಲ್ಲ. ಟಿಕೆಟ್ ತೆಗೆಸಿ ಹಗಲು ರೈಲಿನಲ್ಲಿ ಕರೆದೊಯ್ದರೂ ಅಷ್ಟೇ. ‘ಕಳ್ಳ’ ಎಂದು ಓದಿದವರು ರಾತ್ರಿಯ ಲಾರಿಯನ್ನು ಹುಡುಕುತ್ತಾರೆ, ಎದುರಿಗಿರುವ ಏಜೆಂಟನನ್ನಲ್ಲ. ‘ಅವಳೇ ಒಪ್ಪಿ ಹೋದಳಲ್ಲ’ ಎಂಬ ವಾದವೂ ನಿಲ್ಲದು. ಒಪ್ಪಿಗೆ ಲೆಕ್ಕಕ್ಕಿಲ್ಲವೆಂದು ಕಲಂನ ವಿವರಣೆಯಲ್ಲೇ ಇದೆ.

ಕ್ರಿಯಾಪದಗಳಲ್ಲೇ ಹೆಚ್ಚು ಎಡವಟ್ಟು. ‘ಹಾರ್ಬರ್’ಗೆ ‘ಆಶ್ರಯ ನೀಡು’ ಎಂದರೆ ಆರೋಪಿ ಧರ್ಮಾತ್ಮನಂತೆ ಕಾಣುತ್ತಾನೆ. ‘ರಿಸೀವ್’ಗೆ ‘ಬರಮಾಡಿಕೊಳ್ಳು’ ಎಂದರೆ ಹಾರ ತುರಾಯಿ ನೆನಪಾಗುತ್ತದೆ. ‘ಅಡಗಿಸಿಡು’ ಕೂಡ ಬೇಡ, ಅಡಗಿಸಿದ್ದನ್ನು ರುಜುವಾತು ಮಾಡಬೇಕೆಂಬ ತಪ್ಪು ತಿಳಿವಳಿಕೆ ಬರುತ್ತದೆ. ಹೀಗೆ ಬರೆಯಬಹುದು: ಕೆಲಸಕ್ಕೆಂದು ಸೇರಿಸಿಕೊಳ್ಳುವುದು, ಸಾಗಿಸುವುದು, ತನ್ನಲ್ಲಿ ಇರಿಸಿಕೊಳ್ಳುವುದು, ಇನ್ನೊಬ್ಬರಿಗೆ ಒಪ್ಪಿಸುವುದು, ಒಪ್ಪಿಸಿದವರನ್ನು ಪಡೆದುಕೊಳ್ಳುವುದು.

‘ಮಾನವ ಮಾರಾಟ’ ಸಾಲದು, ದುಡ್ಡು ಕೈ ಬದಲಾಗದೆಯೂ ಅಪರಾಧ ನಡೆಯಬಹುದು. ‘ದುರ್ವ್ಯಾಪಾರ’ ಹೆಚ್ಚು ಹತ್ತಿರ. ಸಂಸ್ಕೃತದ ‘ವ್ಯಾಪಾರ’ಕ್ಕೆ ಕೆಲಸ, ಚಟುವಟಿಕೆ ಎಂಬ ಅರ್ಥವಿದೆ; ಆದರೆ ಸಂತೆಗೆ ಬಂದವರ ಕಿವಿಗೆ ಅದು ಕೊಡುಕೊಳ್ಳುವಿಕೆಯೇ. ಆದ್ದರಿಂದ ಕರಪತ್ರದ ತಲೆಬರಹದಲ್ಲಿ ಜನರಿಗೆ ಪರಿಚಿತವಾದ ‘ಮಾನವ ಕಳ್ಳಸಾಗಣೆ’ ಇರಲಿ, ಮೊದಲ ಸಾಲಿನಲ್ಲೇ ಐದು ಕ್ರಿಯೆಗಳು ಬರಲಿ.

‘ಸಂತ್ರಸ್ತೆ’ ಬದಲು ‘ಸಂತ್ರಸ್ತರು’ ಎನ್ನಿ. ಇಟ್ಟಿಗೆ ಗೂಡಿನಲ್ಲಿ ಗಂಡಸರೂ ಸಿಕ್ಕಿಬಿದ್ದಿರುತ್ತಾರೆ. ಮುಂಗಡ ತೀರಿಸಲು ದುಡಿಸಿಕೊಳ್ಳುವ ಕಡೆ ‘ಜೀತ’ ಎಂದೇ ಬರೆಯಿರಿ. ಬರೀ ‘ಕಡಿಮೆ ಕೂಲಿ’ ಎಂದರೆ ವಿಷಯ ಸಂಬಳದ ತಕರಾರಾಗಿ ಮುಗಿದು, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಸಿಗಬೇಕಾದ ಬಿಡುಗಡೆ ಪತ್ರ, ಸಾಲಮುಕ್ತಿ ತಪ್ಪಿಹೋಗುತ್ತವೆ. ಹಳಗನ್ನಡದಲ್ಲಿ ಜೀತವೆಂದರೆ ಸಂಬಳ ಎಂಬುದು ಬೇರೆ ಮಾತು.